ಪೀರ್ ಪಾಷಾ ಟ್ಯಾಂಕಿನೊಳಗೆ

ಎರಡು ಸಲ ಬಡಿದರೂ ಹೊರಗೆ ಮಿಷನ್ನಿನ ಗುಂಯ್ ಸದ್ದು ನಿಲ್ಲಲಿಲ್ಲ. ಪೀರ್ ಪಾಷಾ ಸುತ್ತಿಗೆಯನ್ನು ಕೈಯಲ್ಲಿ ಹಿಡಿದುಕೊಂಡೇ ಕಾದ. ಒಂದು ಬಡಿತವೆಂದರೆ ಕರೆಂಟ್ ಕೊಡು, ಎರಡೆಂದರೆ ತೆಗೆ. ಟ್ಯಾಂಕು, ಡ್ರಮ್ಮು, ಯಾವುದರೊಳಗೆ ಇಳಿದು ವೆಲ್ಡಿಂಗ್ ಮಾಡುವುದಿದ್ದರೂ ಇದೇ ಕಟ್ಟಳೆ, ಕಟ್ಟಳೆ ಮಾಡಿದವನೂ ಅವನೇ. ಬೆವರಿನಲ್ಲಿ ತೊಯ್ದು ಕಬ್ಬಿಣಕ್ಕೆ ಒರಗಿ ಕೂತವನು ಕರೆಂಟ್ ಇರುವಾಗ ಹೋಲ್ಡರಿನ ಹಿಡಿಗೆ ಸಿಕ್ಕಿಸಿದ ವೆಲ್ಡಿಂಗ್ ರಾಡ್ ಬದಲಿಸಬಾರದು. ಬಯಲಲ್ಲಿ ನಿಂತು ಹಾಗೆ ಮಾಡಿದರೆ ಕೈ ಜುಮ್ಮೆನ್ನುತ್ತದೆ, ಒಂದು ಬೈಗುಳ ಬೈದು ಮುಂದೆ ಹೋಗಬಹುದು. ಇಲ್ಲಿ ಬೆನ್ನು, ಮೊಣಕಾಲು, ಭುಜ ಎಲ್ಲಾದರೂ ಒಂದು ಕಡೆ ಕಬ್ಬಿಣಕ್ಕೆ ತಾಗಿಯೇ ತಾಗುತ್ತದೆ. ಕೈಯಿಂದ ಹೊಕ್ಕ ಕರೆಂಟು ಎದೆ ದಾಟಿಯೇ ಹೋಗಬೇಕು. ಮತ್ತೆ ಎರಡು ಸಲ ಬಡಿದ, ಈ ಸಲ ಜೋರಾಗಿ. ಎಲ್ಲಿ ಸತ್ತ ಈ ಖಲೀಲ್? ಬೀಡಿ ಸೇದಲು ಹೋದನೆ? ಅಥವಾ ಸ್ವಿಚ್ಚಿನ ಪಕ್ಕದಲ್ಲೇ ಕೂತು, ಬಡಿಯಲಿ ಬಡಿಯಲಿ, ನಿನ್ನೆ ಅಷ್ಟು ಜನರ ಮುಂದೆ ನನ್ನ ಮಾನ ತೆಗೆದವನು ಸ್ವಲ್ಪ ಬೇಯಲಿ ಎಂದು ಸುಮ್ಮನಿದ್ದಾನೆಯೆ? ಥೂ, ಹೆಂಡತಿಯ ತಮ್ಮನ ಮೇಲೆ ಎಂಥ ಸಂಶಯ ಎಂದು ಅವನಿಗೇ ನಾಚಿಕೆಯಾಯಿತು. ನಾಚಿಕೆಯಾದರೂ ಸಂಶಯ ಹೋಗಲಿಲ್ಲ. ಅಷ್ಟರಲ್ಲಿ ಸದ್ದು ನಿಂತಿತು.

“ಅಮ್ಮಾವ್ರು ಏನೋ ಕೇಳ್ತಿದ್ರು ಭಾಯಿ, ಬಡಿದಿದ್ದು ಕೇಳಿಸ್ಲಿಲ್ಲ,” ಎಂದು ಖಲೀಲನ ದನಿ ಮೇಲಿನ ತೂತಿನಿಂದ ಬಂತು.

“ಅಮ್ಮಾವ್ರಿಗೆ ಆಮೇಲೆ ಉತ್ತರ ಕೊಡು ಮಾರಾಯ. ಇಲ್ಲಿ ನನ್ನ ಜೀವ ಇರೋದು ನಿನ್ನ ಕೈಲಿ.”

“ಗೊತ್ತು ಭಾಯಿ.”

ಗೊತ್ತು ಅಂದನಲ್ಲ, ಏನು ಗೊತ್ತು? ಪೀರ್ ಪಾಷಾ ಹೋಲ್ಡರಿನಿಂದ ರಾಡಿನ ತುಂಡನ್ನು ಉದುರಿಸಿ ಹೊಸದನ್ನು ಸಿಕ್ಕಿಸುತ್ತ ಆ ಮಾತನ್ನು ತಿರುವಿ ತಿರುವಿ ನೋಡಿದ. ದನಿಯಲ್ಲಿ ವ್ಯಂಗ್ಯ ಇರಲಿಲ್ಲ. ಖಲೀಲನ ದನಿಯಲ್ಲಿ ಯಾವತ್ತೂ ಏನೂ ಇರುವುದಿಲ್ಲ, ಅದೇ ಕಷ್ಟ. ಬೆಳಿಗ್ಗೆ ಮೂಡಿಗೆರೆಯಿಂದ ಜೀಪಿನಲ್ಲಿ ಮಿಷನ್ ಹಾಕಿಕೊಂಡು ಗೋಣಿಬೀಡು ದಾಟಿ, ಸೋರುವ ನೀರಿನ ಟ್ಯಾಂಕರ್ ಸರಿಮಾಡಲು ಈ ಎಸ್ಟೇಟಿಗೆ ಬರುವ ತನಕ ಅವನು ಆಡಿದ್ದು, ಕೇಬಲ್ ಸಾಕಾಗುತ್ತೋ ಇಲ್ವೋ ನೋಡ್ಬೇಕು ಅನ್ನುವ ಒಂದೇ ಮಾತು. ಬಂದ ಮೇಲೆ ಎಲ್ಲ ಅಚ್ಚುಕಟ್ಟಾಗಿ ಮಾಡಿದ. ಬಣ್ಣ ಕೆರೆದು, ಕಬ್ಬಿಣ ಬೆಳ್ಳಗೆ ಹೊಳೆಯುವ ಹಾಗೆ ಮಾಡಿ, ಅರ್ತಿಂಗ್ ಕ್ಲಾಂಪನ್ನು ಟ್ಯಾಂಕಿಗೇ ಕಚ್ಚಿಸಿದ. ಕೇಬಲಿನ ಸಿಪ್ಪೆ ಎಲ್ಲಾದರೂ ಕಿತ್ತಿದೆಯೋ ಎಂದು ಉದ್ದಕ್ಕೂ ಕೈಯಾಡಿಸಿದ. ಒಳಗೆ ಒಣ ಹಲಗೆ, ಅದರ ಮೇಲೆ ಗೋಣಿತಾಟು, ಹೊಗೆ ಹೋಗಲು ತೂತಿನ ಬಾಯಿಗೆ ಫ್ಯಾನು. ಕಲಿಸಿದ್ದನ್ನು ಒಂದೂ ಬಿಡಲಿಲ್ಲ. ಇಷ್ಟು ಚೆನ್ನಾಗಿ ಕಲಿತವನನ್ನು ನಿನ್ನೆ ಹಾರ್ಡ್‌ವೇರ್ ಅಂಗಡಿಯ ಓಂಕಾರಮೂರ್ತಿಯ ಎದುರಿಗೆ, ಇವನಿಗೆ ಹುಡುಗುಬುದ್ಧಿ ಸಾರ್, ಗಮನ ಎಲ್ಲೋ ಇರುತ್ತೆ ಎಂದು ಅಂದುಬಿಟ್ಟೆನಲ್ಲ. ಖಲೀಲನಿಗೆ ಮೀಸೆಯಲ್ಲಿ ಬಿಳಿಕೂದಲು ಬಂದಿದೆ, ಮಗಳು ಹೈಸ್ಕೂಲಿಗೆ ಹೋಗುತ್ತಾಳೆ. ಹುಡುಗುಬುದ್ಧಿಯಂತೆ.

ಒಂದು ಸಲ ಬಡಿದ. ಮಿಷನ್ನು ಗುಂಯ್ಗುಟ್ಟಿತು. ಶೀಲ್ಡನ್ನು ಮುಖಕ್ಕೆ ಹಿಡಿದು, ರಾಡಿನ ತುದಿಯನ್ನು ಟ್ಯಾಂಕಿನ ತಳದ ಬಿರುಕಿನ ಮೇಲೆ ಗೀರಿದ. ಗೀರಿದ್ದು ಬಿರುಕಿನ ಮೇಲೆಯೇ ಹೌದೋ ಅಲ್ಲವೋ ಎನ್ನುವುದು ಆ ದೇವರಿಗೇ ಗೊತ್ತು. ಬೆಂಕಿ ಹೊತ್ತಿಕೊಂಡಿತು. ಕಪ್ಪು ಗಾಜಿನ ಆಚೆ ಹಸಿರು ಬೆಳಕಿನ ದೊಡ್ಡ ಉಂಗುರ ಕಂಡಿತು. ಉಂಗುರದ ನಡುವೆ, ಕಬ್ಬಿಣ ಕರಗಿ ತೊಟ್ಟಾಗಿ ನಿಲ್ಲುವ ಜಾಗದಲ್ಲಿ, ವೆಲ್ಡರ್ ಆದವನು ನೋಡಬೇಕಾದ ಒಂದೇ ಒಂದು ಜಾಗದಲ್ಲಿ, ಬೂದು ಬಣ್ಣದ ಒಂದು ಕಲೆ ಕೂತಿತ್ತು. ಕಣ್ಣು ಆಚೆ ಹೊರಳಿಸಿದರೆ ಕಲೆಯೂ ಆಚೆ, ಈಚೆ ಹೊರಳಿಸಿದರೆ ಈಚೆ. ಕಳೆದ ಕೊಯ್ಲಿನ ಹೊತ್ತಿಗೆ ಅದು ಸಾಸಿವೆಯಷ್ಟಿತ್ತು. ಈಗ ಮನುಷ್ಯರ ಮುಖ ನೋಡಿದರೆ ಕಿವಿ ಕಾಣುತ್ತದೆ, ಗಲ್ಲ ಕಾಣುತ್ತದೆ, ಮೂಗೂ ಬಾಯಿಯೂ ಇರುವುದಿಲ್ಲ. ಎದುರಿನವರು ನಕ್ಕರೋ ಸಿಟ್ಟಾದರೋ ದನಿಯಿಂದ ತಿಳಿದುಕೊಂಡು ತಾನೂ ನಗಬೇಕು, ತಾನೂ ಗಂಭೀರನಾಗಬೇಕು. ಒಂದು ದಿನ ಬಸ್‌ಸ್ಟ್ಯಾಂಡಿನ ಹತ್ತಿರ ಯಾರೋ ಸಲಾಂ ಎಂದರೆ ವಾಲೈಕುಂ ಎಂದು ಕೈಹಿಡಿದು ಮನೆಮಂದಿಯನ್ನೆಲ್ಲ ವಿಚಾರಿಸಿದ. ಯಾರೆಂದು ಇವತ್ತಿಗೂ ಗೊತ್ತಿಲ್ಲ. ಚಿಕ್ಕಮಗಳೂರಿನ ಕಣ್ಣಿನ ಡಾಕ್ಟರು, ಒಳಗಡೆ ಪರದೆ ಸುಟ್ಟಿದೆ, ಇದು ಕನ್ನಡಕಕ್ಕೆ ಸರಿಹೋಗುವ ಜಾತಿಯದ್ದಲ್ಲ, ಇನ್ನು ಆ ಕೆಲಸ ಬಿಡಿ ಎಂದಿದ್ದರು. ಮನೆಗೆ ಬರುತ್ತಾ ದಾರಿಬದಿಯಲ್ಲಿ ಒಂದು ಓದುವ ಕನ್ನಡಕ ಕೊಂಡು, ನಂಬರ್ ಬಂದಿದೆಯಂತೆ, ವಯಸ್ಸಾಯ್ತಲ್ಲ ಎಂದು ಹೆಂಡತಿ ರೌಶನ್ ಬೀಗೆ ಹೇಳಿದ. ಆಕೆ ಕನ್ನಡಕ ಚೆನ್ನಾಗಿ ಒಪ್ಪುತ್ತೆ ಎಂದಳು. ಹೇಳುವಾಗ ಅವಳ ಮುಖ ಹೇಗಿತ್ತೋ.

ಕೆಲಸ ಬಿಡಿ ಎನ್ನುವುದು ಡಾಕ್ಟರಿಗೆ ಸುಲಭ. ಬಿಟ್ಟು ಎಲ್ಲಿಗೆ ಹೋಗುವುದು? ಮೂಡಿಗೆರೆಯಲ್ಲಿ ಪಾಷಾ ವೆಲ್ಡಿಂಗ್ ಎಂದರೆ ಬೋರ್ಡು ನೋಡದೆ ಜನ ಬರುತ್ತಾರೆ. ಪ್ರಾಯದಲ್ಲಿ ಶೀಲ್ಡು ಹಿಡಿಯುವುದೇ ಅವಮಾನ ಅವನಿಗೆ. ಕಣ್ಣು ಮುಚ್ಚಿ ಒಂದು ಚುಕ್ಕೆ ಟ್ಯಾಕ್ ಹೊಡೆದು, ಕಣ್ಣು ತೆರೆದು ನೋಡುವಷ್ಟರಲ್ಲಿ ಎರಡು ಕಬ್ಬಿಣ ಒಂದಾಗಿರಬೇಕು, ನೋಡುತ್ತ ನಿಂತವರು ಭಲೇ ಅನ್ನಬೇಕು. ಅನ್ನುತ್ತಿದ್ದರು. ಕಣ್ಣು ಮುಚ್ಚುವುದು ಒಂದು ಗಳಿಗೆ ತಡವಾದ ದಿನ ಮನೆಗೆ ಬಂದು, ಕಣ್ಣಿಗೆ ಮರಳು ತುಂಬಿದ ಹಾಗೆ ಹೊರಳಾಡುತ್ತಿದ್ದ. ಹೊಸ ಮದುವಣಗಿತ್ತಿ ರೌಶನ್ ಬೀ ಆಲೂಗಡ್ಡೆ ಬಿಲ್ಲೆ ಹೆಚ್ಚಿ ಕಣ್ಣಿನ ಮೇಲಿಟ್ಟು, ಈರುಳ್ಳಿ ಒಂದು ಇದ್ದಿದ್ದರೆ ಪಲ್ಯವೇ ಆಗುತ್ತಿತ್ತು ಎಂದು ನಗುತ್ತಿದ್ದಳು. ಆ ನಗು ಕೇಳಲಿಕ್ಕೇ ಇನ್ನೊಂದು ದಿನ ಶೀಲ್ಡ್ ಬಿಟ್ಟದ್ದೂ ಉಂಟು, ಹೆಡ್ಡ. ಖಲೀಲನಿಗೆ ಮಾತ್ರ ಒಂದು ದಿನವೂ ಬಿಡಲು ಬಿಡಲಿಲ್ಲ. ಶೀಲ್ಡ್ ಇಲ್ಲದೆ ಹೋಲ್ಡರ್ ಮುಟ್ಟಿದರೆ ಕೈ ಮುರೀತೀನಿ ಎಂದು ಬೆದರಿಸಿದ್ದ. ಆ ಹುಡುಗನ ಕಣ್ಣು ಈಗಲೂ ಬೆಕ್ಕಿನ ಕಣ್ಣಿನ ಹಾಗಿದೆ. ಇದನ್ನು ನೆನೆದಾಗ ಪೀರ್ ಪಾಷಾನಿಗೆ ಸಂತೋಷವಾಗಬೇಕಿತ್ತು. ಆದದ್ದು ಹೊಟ್ಟೆಕಿಚ್ಚು.

“ಭಾಯಿ, ಬೆಂಕಿ ಉದ್ದ ಆಗ್ತಿದೆ, ಸ್ವಲ್ಪ ಹತ್ರ ತನ್ನಿ,” ಎಂದು ಹೊರಗಿನಿಂದ ಖಲೀಲ್ ಕೂಗಿದ.

ಅಂದರೆ ಹೊರಗೆ ಕೂತು ಸದ್ದು ಕೇಳುತ್ತಿದ್ದಾನೆ. ರಾಡು ಸರಿಯಾದ ಅಂತರದಲ್ಲಿದ್ದರೆ ಎಣ್ಣೆಯಲ್ಲಿ ಹಪ್ಪಳ ಕರಿದ ಸದ್ದು, ದೂರವಾದರೆ ಉಫ್ ಉಫ್ ಎಂದು ಉಸಿರು ಕಟ್ಟಿದ ಸದ್ದು. ಇದನ್ನೂ ಅವನಿಗೆ ಕಲಿಸಿದ್ದು ತಾನೇ. ಪೀರ್ ಪಾಷಾ ಕೈಯನ್ನು ಕೂದಲೆಳೆಯಷ್ಟು ತಗ್ಗಿಸಿದ. ಸದ್ದು ಸರಿಹೋಯಿತು. ಈಚೆಗೆ ಅವನು ವೆಲ್ಡಿಂಗ್ ಮಾಡುವುದೇ ಕಿವಿಯಿಂದ, ಮತ್ತೆ ಬಿರುಕಿನ ಉದ್ದಕ್ಕೂ ಮೊದಲು ಎಡಗೈ ಬೆರಳಾಡಿಸಿ ಇಟ್ಟುಕೊಂಡ ನೆನಪಿನಿಂದ. ಕಿವಿ ಅಂತರ ಹೇಳುತ್ತದೆ, ಜಾಗ ಹೇಳುವುದಿಲ್ಲ. ಓಂಕಾರಮೂರ್ತಿಯ ಗೇಟಿನಲ್ಲಿ ಆದದ್ದು ಅದೇ. ಎಷ್ಟು ಚೆಂದದ ವೆಲ್ಡಿಂಗು, ಮಣಿ ಪೋಣಿಸಿದ ಹಾಗಿತ್ತು, ಎಲ್ಲ ಸರಿ, ಜಾಯಿಂಟಿನಿಂದ ಒಂದು ಬೆರಳು ಈಚೆಗಿತ್ತು. ಓಂಕಾರಮೂರ್ತಿ ಗೇಟನ್ನು ಕಾಲಿನಿಂದ ಒದ್ದ, ಸರಳು ಕಳಚಿ ಬಿತ್ತು, ಅಂಗಡಿಯ ಮುಂದೆ ಚಹಾ ಕುಡಿಯುತ್ತಿದ್ದವರೆಲ್ಲ ಗೊಳ್ಳೆಂದು ನಕ್ಕರು. ಏನ್ರೀ ಪಾಷಾ, ಜಾಯಿಂಟ್ ಒಂದು ಕಡೆ, ವೆಲ್ಡಿಂಗ್ ಇನ್ನೊಂದು ಕಡೆ, ಇವೆರಡಕ್ಕೂ ಏನು ಜಗಳ ಎಂದು ಓಂಕಾರಮೂರ್ತಿ ಕೇಳಿದಾಗ ಬಾಯಿಗೆ ತಾನಾಗಿ ಬಂದದ್ದು ಖಲೀಲನ ಹೆಸರು. ಯೋಚನೆ ಮಾಡಿ ಹೇಳಿದ್ದಲ್ಲ. ಯೋಚಿಸಿದ್ದರೆ ಹೇಳುತ್ತಿರಲಿಲ್ಲ ಎಂದು ರಾತ್ರಿಯಿಂದ ತನಗೆ ತಾನೇ ಹೇಳಿಕೊಂಡಿದ್ದಾನೆ, ನಂಬಿಕೆ ಬಂದಿಲ್ಲ. ಖಲೀಲ್ ತಲೆ ಎತ್ತಿ ಅವನನ್ನು ನೋಡಿದ. ಹೇಗೆ ನೋಡಿದನೋ, ಮುಖ ಇದ್ದ ಕಡೆ ಬೂದು ಕಲೆಯೇ ಇತ್ತು. ಆಮೇಲೆ ಗ್ರೈಂಡರ್ ತಂದು ಆ ಮಣಿಸಾಲನ್ನೆಲ್ಲ ಉಜ್ಜಿ ತೆಗೆದು, ಒಂದೂ ಮಾತಾಡದೆ ಗೇಟನ್ನು ಮೊದಲಿಂದ ಮಾಡಿಕೊಟ್ಟ.

ರಾಡು ಮುಗಿಯಿತು. ಎರಡು ಬಡಿತ. ಈ ಸಲ ಸದ್ದು ತಕ್ಷಣ ನಿಂತಿತು. ಕಿಟ್ಟವನ್ನು ಸುತ್ತಿಗೆಯಿಂದ ಕುಟ್ಟಿ, ಬ್ರಷ್ ಉಜ್ಜಿ, ಕೈಗವಸು ತೆಗೆದು ಬೆರಳಾಡಿಸಿ ನೋಡಿದ, ಬಿಸಿಗೆ ಬೆರಳು ಚುರ್ ಎಂದಿತು. ಮುಟ್ಟುವಷ್ಟು ಆರುವ ತನಕ ಕಾಯಬೇಕು. ಕಾಯುತ್ತ ಕೂತರೆ ಹೊರಗಿನವರಿಗೆ ಇವನೇನು ಒಳಗೆ ನಿದ್ದೆ ಮಾಡುತ್ತಿದ್ದಾನೆಯೆ ಎನ್ನಿಸುತ್ತದೆ. ಕಾಯದೆ ಮುಂದೆ ಹೋದರೆ ಎಲ್ಲಿ ಬಿಟ್ಟೆ ಎಲ್ಲಿ ಹಿಡಿಯಬೇಕು ತಿಳಿಯುವುದಿಲ್ಲ. ಹೊಗೆ ಗಂಟಲಿಗೆ ಹತ್ತಿತು. ಬೆವರು ಬೆನ್ನಿನಿಂದ ಇಳಿದು ಗೋಣಿತಾಟು ಹಸಿಯಾಗುತ್ತಿತ್ತು. ಮೇಲೆ ತೂತಿನಲ್ಲಿ ಆಕಾಶದ ಒಂದು ಬಿಲ್ಲೆ, ಅದರ ನಡುವೆಯೂ ಅದೇ ಕಲೆ. ಈ ಕಬ್ಬಿಣದ ಹೊಟ್ಟೆಯಿಂದ ಒಮ್ಮೆ ಹೊರಗೆ ಬಿದ್ದರೆ ಸಾಕಪ್ಪಾ ಎನ್ನಿಸಿತು. ಅವನು ಕಾಯಲಿಲ್ಲ. ಉಳಿದ ಬಿರುಕನ್ನು ಅಂದಾಜಿನಲ್ಲಿ ಮುಗಿಸಿ, ಮೊಣಕೈ ಊರಿ ಮೇಲೆ ಬಂದ.

ಹೊರಗೆ ಮಾರ್ಚ್ ತಿಂಗಳ ಬಿಸಿಲು ಕಣದ ಸಿಮೆಂಟಿನ ಮೇಲೆ ಬಿದ್ದು ಮುಖಕ್ಕೆ ಹೊಡೆಯಿತು. ಎಸ್ಟೇಟಿನ ಯಜಮಾನಿ ಗಿರಿಜಾಂಬಾ, ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮನೆಯ ನೆರಳಿಗೆ ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಗಂಡ ಹೋದ ಮೇಲೆ ತೋಟವನ್ನು ಲೆಕ್ಕ ಬರೆಯುವ ರೈಟರಿಗೂ ಬಿಡದೆ ತಾವೇ ನಿಂತು ಮಾಡಿಸುವ ಹೆಂಗಸು, ಕಣ್ಣು ತಪ್ಪಿಸಿ ಒಂದು ಕಡ್ಡಿ ಅಲ್ಲಾಡುವಂತಿಲ್ಲ. ಕಾಫಿ ಮೊಗ್ಗನ್ನು ಅರಳಿಸುವ ಹೂಮಳೆ ಈ ವರ್ಷ ಕೈಕೊಟ್ಟಿತ್ತು. ಪೈಪು ಮುಟ್ಟದ ಮೇಲಿನ ಪಟ್ಟೆಯ ಗಿಡಗಳಿಗೆ ಈ ಟ್ಯಾಂಕರಿನಲ್ಲೇ ನೀರು ಹೋಗಬೇಕು, ಮೊಗ್ಗು ಕಾಯುತ್ತಾ ಕೂರುವುದಿಲ್ಲ.

“ಆಯ್ತಾ ಪಾಷಾ ಸಾಬ್ರೇ? ನೀವೇ ಇಳಿದ್ರಲ್ಲ, ನಂಗೆ ಸಮಾಧಾನ. ಬೇರೆಯವರ ಕೈ ನಂಗೆ ನಂಬಿಕೆ ಇಲ್ಲ,” ಎಂದರು.

“ಆಯ್ತು ಅಮ್ಮಾವ್ರೇ. ಇನ್ನು ಟ್ಯಾಂಕ್ ತುಕ್ಕು ಹಿಡಿದು ಹೋದ್ರೂ ಆ ಜಾಯಿಂಟ್ ಹೋಗಲ್ಲ,” ಎಂದ ಪೀರ್ ಪಾಷಾ. ಯಾಕೆ ಹಾಗಂದನೋ. ಸುಮ್ಮನೆ ಆಯ್ತು ಎಂದಿದ್ದರೆ ಸಾಕಿತ್ತು.

ಕಬ್ಬಿಣ ಆರಿದ ಮೇಲೆ ಪೈಪು ಬಿಟ್ಟು ನೀರು ತುಂಬಿಸಿದರು. ಪೀರ್ ಪಾಷಾ ದೂರದಲ್ಲಿ, ಕೈ ಒರೆಸಿಕೊಳ್ಳುವ ನೆಪದಲ್ಲಿ, ಬೆನ್ನು ಹಾಕಿ ನಿಂತ. ಮೊದಲು ನೀರು ತುಂಬುವ ಸದ್ದಷ್ಟೇ ಕೇಳಿಸಿತು. ಆಮೇಲೆ ಸಿಮೆಂಟಿನ ಮೇಲೆ ಟಪ್ ಎಂದಿತು, ಮತ್ತೆ ಟಪ್, ಆಮೇಲೆ ಟಪ್ ಎನ್ನುವುದು ನಿಂತು ಧಾರೆಯೇ ಶುರುವಾಯಿತು. ಅವನು ತಿರುಗಿ ನೋಡಲಿಲ್ಲ. ಖಲೀಲ್ ಟ್ಯಾಂಕು ಕೂರಿಸಿದ ಟ್ರೈಲರಿನ ಅಡಿಗೆ ತೆವಳಿಹೋಗಿ ನೋಡಿ, ಅಷ್ಟೇ ನಿಧಾನವಾಗಿ ಈಚೆಗೆ ಬಂದ ಸದ್ದು ಕೇಳಿಸಿತು.

“ಎಂಥದಿದು? ಮೊದಲಿಗಿಂತ ಜೋರಾಯ್ತಲ್ಲ!” ಎಂದರು ಗಿರಿಜಾಂಬಾ.

ಪೀರ್ ಪಾಷಾ ಈಚೆಗೆ ತಿರುಗಿದ. ಈಗ ಹೇಳಬೇಕು. ಇನ್ನೊಬ್ಬನ ಹೆಸರು ಬಾಯಿಗೆ ಬರುವ ಮುಂಚೆ ನನ್ನ ಹೆಸರು ಬರಲಿ ಎಂದು ಅವನು ನಿಜವಾಗಿ ಬಾಯಿ ತೆರೆದ.

“ತಪ್ಪು ನಂದು ಅಮ್ಮಾವ್ರೇ,” ಎಂದ ಖಲೀಲ್. “ಮಿಷನ್ನಲ್ಲಿ ಆಂಪ್ಸ್ ಕಮ್ಮಿ ಇಟ್ಬಿಟ್ಟಿದ್ದೆ. ಕಬ್ಬಿಣ ಕರಗಿ ಕೂಡಿಲ್ಲ, ಮೇಲೆ ಮೇಲೆ ಕೂತಿದೆ. ಭಾಯಿ ಕೈಯಿಂದ ಏನೂ ತಪ್ಪಿಲ್ಲ.”

ಕಪಾಳಕ್ಕೆ ಒಂದು ಹೊಡೆದಿದ್ದರೂ ಪೀರ್ ಪಾಷಾನಿಗೆ ಇಷ್ಟು ಉರಿಯುತ್ತಿರಲಿಲ್ಲ. ನಿನ್ನೆ ಹೊರಿಸಿದ್ದನ್ನು ಇವತ್ತು ಅವನೇ ಎತ್ತಿಕೊಂಡು ಹೆಗಲ ಮೇಲಿಟ್ಟುಕೊಂಡ. ಇದು ಪ್ರೀತಿಯೆ, ಸೇಡೆ? ಪ್ರೀತಿಯಾದರೆ ನನಗೆ ಬೇಡ, ಸೇಡಾದರೆ ಇದಕ್ಕಿಂತ ದೊಡ್ಡದಿಲ್ಲ. ಈಗ ಅಲ್ಲ ಎಂದರೆ ಖಲೀಲ್ ಸುಳ್ಳುಗಾರ, ಹೌದು ಎಂದರೆ ತಾನು ಎರಡನೇ ಸಲ ಹೇಡಿ.  ತೆರೆದ ಬಾಯಿ ಮುಚ್ಚಿಕೊಂಡ.

“ಸರಿಹೋಯ್ತು! ಹೆಂಗಸಾದ ನಂಗೇ ಗೊತ್ತಾಗತ್ತೆ, ನಿನಗೆ ಗೊತ್ತಾಗಲ್ವೇನೋ?” ಗಿರಿಜಾಂಬಾ ಖಲೀಲನಿಗೆ ಗದರಿದರು. “ಪಾಷಾ ಸಾಬ್ರೇ, ಬೇಸರ ಮಾಡ್ಕೋಬೇಡಿ, ನೀವೇ ಇನ್ನೊಂದ್ಸಲ ಇಳೀರಿ. ಇವನು ಆ ಸ್ವಿಚ್ಚನ್ನಾದ್ರೂ ನೆಟ್ಟಗೆ ನೋಡ್ಕೊಳ್ಳಲಿ.”

“ನೀರು ಬಿಟ್ಟಿದೀವಿ ಅಮ್ಮಾವ್ರೇ, ಒಳಗೆಲ್ಲ ಒದ್ದೆ. ಒಣಗ್ಬೇಕು,” ಎಂದ ಖಲೀಲ್.

“ಒಣಗೋದು ಯಾವಾಗ, ತೋಟಕ್ಕೆ ನೀರು ಹೋಗೋದು ಯಾವಾಗ?”

“ಇಳೀತೀನಿ,” ಎಂದ ಪೀರ್ ಪಾಷಾ. ದನಿ ಬೇಕಾದ್ದಕ್ಕಿಂತ ಜೋರಾಗಿತ್ತು. “ನೀರು ಬಸಿದು, ಬಟ್ಟೆಯಲ್ಲಿ ಒರೆಸಿಕೊಂಡ್ರಾಯ್ತು. ಬೇರೆ ಗೋಣಿತಾಟು ಕೊಡು.”

“ಭಾಯಿ.”

“ಕೊಡು ಅಂದ್ನಲ್ಲ.”

ಟ್ಯಾಂಕಿನ ತಳಕ್ಕೆ ಕಾಲಿಟ್ಟಾಗ ಚಪ್ಪಲಿಯ ಅಡಿ ಪಚಕ್ ಎಂದಿತು. ಬಸಿದರೂ ಮೂಲೆಯಲ್ಲಿ ನೀರು ಉಳಿದಿತ್ತು. ಕೈಗವಸು ಬೆವರಿಗೇ ಅರ್ಧ ನೆನೆದದ್ದು, ಈಗ ಪೂರ್ತಿ ಹೋಯಿತು. ಬೆರಳಿನಿಂದ ಬಿರುಕು ಹುಡುಕಿದ. ಸಿಕ್ಕಿತು, ಅದರ ಪಕ್ಕದಲ್ಲೇ, ಒಂದು ಬೆರಳು ದೂರದಲ್ಲಿ, ತನ್ನ ಬೆಳಗಿನ ಮಣಿಸಾಲೂ ಕೈಗೆ ಸಿಕ್ಕಿತು. ನೇರವಾಗಿ, ಒಂದೇ ಸಮನಾಗಿ, ಏನೂ ಕೂಡಿಸದೆ ಉದ್ದಕ್ಕೂ ಹೋಗಿತ್ತು. ಅದರ ಮೇಲೆ ಕೈಯಿಟ್ಟುಕೊಂಡು ಸ್ವಲ್ಪ ಹೊತ್ತು ಹಾಗೇ ಕೂತ. ಈ ಒದ್ದೆಯಲ್ಲಿ ಹೋಲ್ಡರು ಎಲ್ಲಾದರೂ ಜಾರಿ ಎದೆಗೆ ತಾಗಿದರೆ ಎಲ್ಲವೂ ಮುಗಿಯುತ್ತದೆ, ಪಾಷಾ ಕೆಲಸ ಮಾಡುತ್ತಾ ಮಾಡುತ್ತಾ ಹೋದ, ಎಂಥ ಕೆಲಸಗಾರ ಎನ್ನುತ್ತಾರೆ, ಕಣ್ಣಿನ ಸುದ್ದಿ ಯಾರೂ ಎತ್ತುವುದಿಲ್ಲ. ಈ ಯೋಚನೆ ಬಂದದ್ದಕ್ಕೆ ಹೆದರಿಕೆಯಾಗಲಿಲ್ಲ. ಹೆದರಿಕೆಯಾಗದೆ ಇದ್ದದ್ದಕ್ಕೆ ಹೆದರಿಕೆಯಾಯಿತು. ಸುತ್ತಿಗೆ ಎತ್ತಿ ಒಂದು ಸಲ ಬಡಿದ.

ಮಿಷನ್ನು ಸದ್ದು ಮಾಡಲಿಲ್ಲ. ಮತ್ತೆ ಬಡಿದ. ಇಲ್ಲ. ಮೂರನೆಯ ಸಲ ಬಡಿಯುವಾಗ ತೂತಿನ ಬೆಳಕು ಆರಿತು. ಖಲೀಲ್ ಫ್ಯಾನು ಸರಿಸಿ, ತಲೆಯನ್ನೂ ಎರಡು ಹೆಗಲನ್ನೂ ಒಳಗೆ ತೂರಿಸಿದ್ದ. ಮುಖ ಎಷ್ಟು ಹತ್ತಿರ ಬಂದಿತೆಂದರೆ ಉಸಿರು ತಾಗುತ್ತಿತ್ತು.

“ಕರೆಂಟ್ ಕೊಡೋ,” ಎಂದ ಪೀರ್ ಪಾಷಾ.

“ಕೊಡಲ್ಲ.” ಹೊರಗೆ ಕೇಳಬಾರದೆಂದು ಖಲೀಲ್ ಪಿಸುಗುಟ್ಟುತ್ತಿದ್ದ. “ಒದ್ದೆ ಟ್ಯಾಂಕಿಗೆ ಯಾರೇ ಇಳಿದ್ರೂ ಕೊಡ್ಬೇಡ, ಒಳಗಿದ್ದವನು ತಾಯಿ ಮೇಲೆ ಬೈದ್ರೂ ಕೊಡ್ಬೇಡ ಅಂತ ನೀವೇ ಹೇಳಿದ್ದು.”

“ನನ್ನ ಮಾತು ನನಗೇ ಹೇಳ್ತೀಯಾ? ನಾನು ಹೇಳ್ತಿದೀನಿ, ಕೊಡು.”

“ಭಾಯಿ, ನಿಮಗೆ ಕಾಣ್ಸಲ್ಲ.”

ಪೀರ್ ಪಾಷಾ ಸುತ್ತಿಗೆಯನ್ನು ಕೆಳಗಿಟ್ಟ. ಮೂಲೆಯ ನೀರು ಅವನ ಪ್ಯಾಂಟಿಗೆ ಹತ್ತುತ್ತಿತ್ತು.

“ಕಾಣ್ಸಲ್ಲ ಅಂತ ನೀವು ಒಂದ್ಸಲ ಹೇಳಿ,” ಎಂದ ಖಲೀಲ್. “ರೌಶನ್ ಆಪಾಗೆ ಹೇಳಲ್ಲ, ಯಾರಿಗೂ ಹೇಳಲ್ಲ. ನಂಗೊಬ್ಬನಿಗೆ ಹೇಳಿ.”

“ನಿಂಗೆ ಗೊತ್ತಿದ್ದ ಮೇಲೆ ನಾನ್ಯಾಕೆ ಹೇಳ್ಬೇಕು?”

“ನಿನ್ನೆ ನನ್ನ ಹೆಸರು ಹೇಳಿದ್ರಲ್ಲ, ಅದಕ್ಕೆ.”

ದನಿಯಲ್ಲಿ ಆಗಲೂ ಸಿಟ್ಟಿರಲಿಲ್ಲ. ಆದರೆ ಕೊನೆಯ ಮಾತು ಒಡೆದು ಬಂದಿತ್ತು. ಇಷ್ಟು ವರ್ಷದಲ್ಲಿ ಖಲೀಲನ ದನಿಯಲ್ಲಿ ಪೀರ್ ಪಾಷಾ ಮೊದಲ ಸಲ ಏನನ್ನೋ ಕೇಳಿದ. ಈ ಮನುಷ್ಯನಿಗೆ ನೋವಾಗಿತ್ತು. ರಾತ್ರಿಯಿಂದ ತಾನು ಯೋಚಿಸಿದ್ದೆಲ್ಲ ತನ್ನ ಕಣ್ಣು, ತನ್ನ ಮಾನ, ತನ್ನ ನಾಚಿಕೆ. ಇವನಿಗೆ ನೋವಾಯಿತು ಎಂದು ಒಂದು ಗಳಿಗೆಯೂ ಅನ್ನಿಸಿರಲಿಲ್ಲ. ಓಡಿಹೋಗೋಣವೆಂದರೆ ಇದ್ದ ಒಂದೇ ಬಾಗಿಲನ್ನು ಅದೇ ಮುಖ ತುಂಬಿಕೊಂಡಿತ್ತು. ಪೀರ್ ಪಾಷಾ ಆ ಮುಖವನ್ನು ನೇರವಾಗಿ ನೋಡಿದ. ಏನೂ ಕಾಣಲಿಲ್ಲ.

“ಕಾಣ್ಸಲ್ಲ ಖಲೀಲ್,” ಎಂದ. “ನಿನ್ನ ಮುಖಾನೂ ಕಾಣ್ಸಲ್ಲ.”

 ಖಲೀಲ್ ಕೈಚಾಚಿ ಹೋಲ್ಡರನ್ನು ತೆಗೆದುಕೊಂಡು, ಕೇಬಲನ್ನು ಎಳೆಎಳೆಯಾಗಿ ಮೇಲಕ್ಕೆ ಎಳೆದುಕೊಂಡ. ಬೆಳಕು ಮತ್ತೆ ಒಳಗೆ ಬಿತ್ತು.

“ಎಂತಂತೆ?” ಎಂದು ಗಿರಿಜಾಂಬಾ ಕೇಳಿದ್ದು ಕೇಳಿಸಿತು.

“ಒಳಗೆ ನೀರು ನಿಂತಿದೆ ಅಮ್ಮಾವ್ರೇ. ಹೀಗೆ ಮಾಡಿದ್ರೆ ಜೀವಕ್ಕೆ ಅಪಾಯ, ಒಣಗಿಸ್ಕೊಂಡೇ ಮಾಡ್ಬೇಕು ಅಂತ ಭಾಯಿ ಹೇಳ್ತಿದಾರೆ. ನಾನು ಇಳೀಬೇಕಂತೆ, ಅವರು ಸ್ವಿಚ್ಚಿನ ಹತ್ರ ಕೂತು ಆಂಪ್ಸ್ ನೋಡ್ಕೊಳ್ತಾರಂತೆ.”

“ನೋಡು, ಅನುಭವ ಅಂದ್ರೆ ಅದು,” ಎಂದರು ಗಿರಿಜಾಂಬಾ. “ಸರಿ, ಹಾಗೇ ಆಗ್ಲಿ. ಅವರನ್ನ ಮೇಲೆ ಕರಿ, ಕಾಫಿ ಕಳಿಸ್ತೀನಿ.”

ಒಳಗೆ ಪೀರ್ ಪಾಷಾ ಒದ್ದೆ ಗೋಣಿತಾಟಿನ ಮೇಲೆ ಕೂತು, ಬಾಯಿಗೆ ಕೈಗವಸನ್ನು ಒತ್ತಿಕೊಂಡು ಅಳುತ್ತಿದ್ದ. ಸದ್ದು ಮಾಡಿದರೆ ಹೊರಗೆ ಕೇಳುತ್ತದೆ. ತೂತಿನಿಂದ ಖಲೀಲನ ಕೈ ಕೆಳಗೆ ಬಂತು.

“ಬನ್ನಿ ಭಾಯಿ.”

“ಸ್ವಲ್ಪ ತಡಿ ಮಾರಾಯ,” ಎಂದ ಪೀರ್ ಪಾಷಾ. “ಇನ್ನೊಂದು ಸ್ವಲ್ಪ ಹೊತ್ತು ಇಲ್ಲೇ ಇರ್ತೀನಿ.”